ಮೀನಿಲ್ಲದ ತೊಟ್ಟಿಗೆ ಒಂದು ಚಿಟಿಕೆ

ಜೂನ್ ೯, ಸೋಮವಾರ

ಕೊಬ್ಬರಿ ವರ್ತಕರ ಸಂಘದವರು ಪ್ರತಿ ವರ್ಷ ಕೊಡುವ ಡೈರಿ ಇದು. ಅವ್ವ ಇದರ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದಳು. ಇವತ್ತು ಕಿತ್ತುಕೊಂಡು ಬರೆಯಲು ಕೂತಿದ್ದೇನೆ. ಮಾತಾಡೋಣ ಎಂದರೆ ಮನೆಯಲ್ಲಿ ಇರುವುದು ಅವ್ವ ಒಬ್ಬಳೇ. ಅವಳ ಹತ್ತಿರ ಮಳೆಯ ವಿಷಯ ಎತ್ತಿದರೂ ಅದು ಸ್ವಾತಿಯ ವಿಷಯಕ್ಕೇ ಬಂದು ನಿಲ್ಲುತ್ತದೆ.

ನನ್ನ ಹೆಂಡತಿ ಸ್ವಾತಿ ಏಪ್ರಿಲ್ ಕೊನೆಯಲ್ಲಿ ಮಗಳನ್ನು ಕರೆದುಕೊಂಡು ಬೇಲೂರಿನ ತವರಿಗೆ ಹೋದಳು. ಕಾರಣ ಕೇಳಿದರೆ ಯಾರಾದರೂ ನಗುತ್ತಾರೆ. ನಾನು ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಬೇಲೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಕೇಳಿದ್ದಳಂತೆ. ನನಗೆ ಮೂರು ಸಲ ಹೇಳಿದ್ದೆ ಎನ್ನುತ್ತಾಳೆ, ನನಗೆ ನೆನಪಿಲ್ಲ. ಶಾಲೆಯವರು ಫೋನ್ ಮಾಡಿದಾಗ ಅವಳು ಸ್ನಾನಕ್ಕೆ ಹೋಗಿದ್ದಳು. ನಾನೇ ತೆಗೆದು, 'ಇಲ್ಲ ಸಾರ್, ಅವಳು ಬರಲ್ಲ' ಎಂದು ಹೇಳಿ ಇಟ್ಟೆ. ಅರಸೀಕೆರೆಯಲ್ಲಿ ಮನೆ, ಮಂಡಿ ಎಲ್ಲ ಇಟ್ಟುಕೊಂಡು ಬೇಲೂರಿಗೆ ಯಾರು ಓಡಾಡುತ್ತಾರೆ? ಅವಳ ಪರವಾಗಿ ಒಂದು ಮಾತು ಹೇಳಿದೆ, ಅಷ್ಟೆ. ಅಷ್ಟಕ್ಕೇ ಮನೆ ಬಿಟ್ಟು ಹೋಗಿ ಅದೇ ಶಾಲೆಗೆ ಸೇರಿಕೊಂಡಳು.

ಎರಡೂ ಕಡೆಯ ಹಿರಿಯರು ಕೂತು ತೀರ್ಮಾನ ಮಾಡಿದ್ದಾರೆ. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಹೇಮಾ ನನ್ನ ಜೊತೆ ಇರಬೇಕು, ಸಂಜೆಗೆ ವಾಪಸ್ ಬಿಡಬೇಕು. ಮಗಳನ್ನು ಕರೆದುಕೊಳ್ಳುವುದು, ಒಪ್ಪಿಸುವುದು ಎಲ್ಲ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ. ಎರಡೂ ಊರಿಗೆ ಅದು ನಡು ಎಂದು ಮಾವನವರ ಲೆಕ್ಕ. ಬೇಲೂರಿನಿಂದ ಅದು ಪಕ್ಕದ ಊರು, ನನಗೆ ಬಾಣಾವರ, ಜಾವಗಲ್ ದಾಟಿ ಬರಬೇಕು. ಇರಲಿ.

ನಿನ್ನೆ ಎರಡನೇ ಭಾನುವಾರ. ಅರಸೀಕೆರೆಗೆ ಹೋಗೋಣ ಬಾ ಎಂದರೆ ಹೇಮಾ ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂತುಬಿಟ್ಟಳು. ಎಂಟು ವರ್ಷದ ಹುಡುಗಿಗೆ ಎಷ್ಟು ಹಟ. 'ಮನೇಲಿ ಏನಿದೆ? ನೀನು ಮಂಡಿಗೆ ಹೋಗ್ತೀಯ, ಅಜ್ಜಿ ಧಾರಾವಾಹಿ ನೋಡ್ತಾಳೆ' ಎಂದಳು. ಏನು ಬೇಕು ಕೇಳು ಎಂದೆ. ಬೊಂಬೆ, ಸೈಕಲ್ಲು, ಟ್ಯಾಬು, ಎಲ್ಲಕ್ಕೂ ಬೇಡ ಎಂದು ತಲೆ ಆಡಿಸಿದಳು. ಆಮೇಲೆ, 'ಮೀನು ಇದ್ರೆ ಬರ್ತೀನಿ. ಒಳಗೆ ಗಿಡ ಎಲ್ಲ ಇರೋ ಟ್ಯಾಂಕಲ್ಲಿ, ದೊಡ್ಡ ಬಾಲದ್ದು' ಎಂದಳು.

ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಮೀನು ಬಂದರೆ ಹೇಮಾ ಬರುತ್ತಾಳೆ. ಹೇಮಾ ಬಂದು ಮನೆಗೆ ಹೊಂದಿಕೊಂಡರೆ ಅವಳ ಹಿಂದೆ ಸ್ವಾತಿಯೂ ಬರುತ್ತಾಳೆ. ದಸರಾ ಹೊತ್ತಿಗೆ ಎಲ್ಲ ಮೊದಲಿನಂತೆ ಆಗುತ್ತದೆ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಇಷ್ಟೂ ತಿಳಿಯುವುದಿಲ್ಲವೇ. ನಾಳೆಯೇ ಹೋಗಿ ತರುತ್ತೇನೆ.

ಜೂನ್ ೧೦, ಮಂಗಳವಾರ

ತಂದೆ. ಎರಡಡಿ ಉದ್ದದ ಗಾಜಿನ ತೊಟ್ಟಿ, ಮಣ್ಣು, ಗಿಡ, ಮೇಲೆ ಕೂರಿಸುವ ದೀಪ, ಒಳಗೆ ಇಳಿಬಿಡುವ ಫಿಲ್ಟರು. ಅಂಗಡಿ ಸ್ಟೇಷನ್ ರಸ್ತೆಯ ಮಹಾಂತೇಶನದು. ನನ್ನ ಜೊತೆ ಹೈಸ್ಕೂಲು ಓದಿದವನು, ಮಾತಿಗೆ ನಿಂತರೆ ಸಂಜೆ ಮಾಡುತ್ತಾನೆ.

ಮೀನು ಮಾತ್ರ ಕೊಡಲಿಲ್ಲ. ಒಂದು ತಿಂಗಳೋ ಒಂದೂವರೆ ತಿಂಗಳೋ ಮೀನು ಬಿಡಬಾರದಂತೆ. ಮೀನಿನ ಗಲೀಜು ನೀರಿನಲ್ಲಿ ಅಮೋನಿಯಾ ಎಂಬ ವಿಷವಾಗುತ್ತದಂತೆ. ಅದನ್ನು ತಿಂದು ಇನ್ನೊಂದು ವಿಷ ಮಾಡುವ ಸೂಕ್ಷ್ಮಜೀವಿಗಳು ಒಂದು ಜಾತಿ, ಆ ಎರಡನೇ ವಿಷವನ್ನೂ ತಿಂದು ಗಿಡಕ್ಕೆ ಗೊಬ್ಬರ ಮಾಡುವವು ಇನ್ನೊಂದು ಜಾತಿ. ಎರಡೂ ತಾವಾಗಿಯೇ ಬಂದು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕು. ಅಲ್ಲಿಯವರೆಗೆ ಮೀನಿಲ್ಲದ ನೀರಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು, ಅದು ಕೊಳೆತು ಆ ಜೀವಿಗಳಿಗೆ ತುತ್ತಾಗಬೇಕು. ಅವನು ಇನ್ನೂ ಹೇಳುತ್ತಿದ್ದ, ನಾನು ಸಾಮಾನನ್ನು ಆಟೋಗೆ ಏರಿಸಿದೆ.

ಅವ್ವ ಬಾಗಿಲಲ್ಲೇ ತಡೆದಳು. 'ಲಿಂಗಪೂಜೆ ಮಾಡೋ ಮನೆಗೆ ಅದನ್ನ ತಂದಿದ್ದೀಯೇನಪ್ಪ?' ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದೆ. ಮೀನು ಎಂಬ ಹೆಸರು ಅವಳ ಬಾಯಲ್ಲಿ ಬರುವುದಿಲ್ಲ, 'ಅವು' ಅನ್ನುತ್ತಾಳೆ. ಹೇಮಾಗೋಸ್ಕರ ಎಂದ ಮೇಲೆ ದಾರಿ ಬಿಟ್ಟಳು. ದೇವರ ಕೋಣೆಗೆ ಬೆನ್ನು ಬರುವ ಹಾಗೆ ಇಡು ಎಂದಳು. ಗಾಜಿನ ತೊಟ್ಟಿಗೆ ಬೆನ್ನು ಯಾವುದು?

ಜೂನ್ ೧೪, ಶನಿವಾರ

ನೀರು ಮಜ್ಜಿಗೆ ತಪ್ಪಲೆ ತೊಳೆದ ಹಾಗೆ ಬೆಳ್ಳಗಾಗಿದೆ. ಗಿಡದ ಎಲೆಗಳು ಕರಗಿ ಉದುರುತ್ತಿವೆ. ಮಹಾಂತೇಶನಿಗೆ ಫೋನ್ ಮಾಡಿದರೆ, ಮೊದಲು ಹಾಗೇ ಆಗ್ತೈತೆ, ಬೇರು ಹಿಡಿದ ಮೇಲೆ ಹೊಸ ಎಲೆ ಬತ್ತವೆ, ಕೈ ಹಾಕಬೇಡ ಎಂದ. ಕೆಟ್ಟ ಮಾಲು ಮಾರಿದವರು ಹೀಗೇ ಹೇಳುವುದು.

ದೀಪವನ್ನು ಹಗಲೂ ರಾತ್ರಿ ಉರಿಸುತ್ತಿದ್ದೇನೆ. ತೊಟ್ಟಿ ಇಟ್ಟಿರುವುದು ನಡುಮನೆಯ ಮೂಲೆಯಲ್ಲಿ. ಸ್ವಾತಿ ಅಲ್ಲಿ ಕೂತು ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಏಪ್ರಿಲ್ಲಿನಿಂದ ಆ ಮೂಲೆಯಲ್ಲಿ ಬೆಳಕು ಬಿದ್ದಿರಲಿಲ್ಲ.

ಜೂನ್ ೨೧, ಶನಿವಾರ

ನಾಳೆ ನಾಲ್ಕನೇ ಭಾನುವಾರ. ಹೇಮಾಗೆ ಫೋನಿನಲ್ಲಿ ಮೀನು ಬಂದಿದೆ ಎಂದು ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ತರಬೇಕಲ್ಲ. ಮಹಾಂತೇಶ ಬೇಡ ಬೇಡ ಎಂದ. 'ಕೇಳಿದ್ರೆ ಕೊಡ್ತೀನಿ, ಅಂಗಡಿ ಇಟ್ಟಿರೋದೇ ಮಾರಕ್ಕೆ. ಆದ್ರೆ ಸಾಯ್ತವೆ ಕಣ್ಲಾ' ಎಂದ. ಬಣ್ಣದ ಬಾಲದ ಗಪ್ಪಿ ಮೀನುಗಳನ್ನು ಕವರಿಗೆ ಹಾಕಿಸಿಕೊಂಡು ಬಂದೆ. ನೀರಿಗೆ ಬಿಟ್ಟ ಕೂಡಲೆ ಓಡಾಡಿದವು. ಸಾಯುವಂಥ ಲಕ್ಷಣ ಏನೂ ಕಾಣಲಿಲ್ಲ.

ಮಂಡಿಯಿಂದ ಒಂದು ಒಳ್ಳೆಯ ಕರಟ ತಂದು, ಅಂಚು ಉಜ್ಜಿ, ಬಾಗಿಲ ಹಾಗೆ ಒಂದು ಕಡೆ ಕೊಯ್ದು ಬೋರಲು ಹಾಕಿದ್ದೇನೆ. ಕೊಬ್ಬರಿಯವನ ಮನೆಯ ಮೀನು ಕರಟದೊಳಗೆ ಇರಬೇಕು. ಹೇಮಾ ನೋಡಿ ನಗುತ್ತಾಳೆ.

ಜೂನ್ ೨೨, ಭಾನುವಾರ

ನಗಲಿಲ್ಲ.

ಹಳೇಬೀಡಿನಿಂದ ದಾರಿಯುದ್ದಕ್ಕೂ ಅವಳು ಮೀನಿಗೆ ಇಡುವ ಹೆಸರು ಹೇಳುತ್ತಿದ್ದಳು. ಚಪ್ಪಲಿ ಬಿಡದೆ ಒಳಗೆ ಓಡಿದಳು. ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿತ್ತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಎರಡು ಆಗಲೇ ಮಗ್ಗುಲಾಗಿದ್ದವು. ನಾನು ನೀರು ಬದಲಾಯಿಸಲು ಬಕೆಟ್ಟು ತಂದೆ, ಅವ್ವ ಫ್ಯಾನು ಹಾಕಿದಳು, ಯಾಕೆ ಹಾಕಿದಳೋ. ಹೇಮಾ ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಅವಳು ನೋಡುತ್ತಿದ್ದ ಹಾಗೆಯೇ ಒಂದೊಂದಾಗಿ ಹೋದವು. ಅಳಲಿಲ್ಲ. ಕೊನೆಗೆ, 'ಮಹಾಂತೇಶ್ ಅಂಕಲ್ ಏನೂ ಹೇಳಿರಲಿಲ್ವಾ ಅಪ್ಪ?' ಎಂದು ಕೇಳಿದಳು. ಇಲ್ಲ ಎಂದೆ.

ಹಿತ್ತಿಲಿನ ತೆಂಗಿನ ಬುಡದಲ್ಲಿ ಅವ್ವನೇ ಗುಂಡಿ ತೋಡಿದಳು. ಎಲೆಯಲ್ಲಿಟ್ಟು ಹೂಳಿ, ಮೇಲೆ ಒಂದು ಚೂರು ವಿಭೂತಿ ಉದುರಿಸಿದಳು. ಹೆಸರು ಹೇಳಲಾರದ ಪ್ರಾಣಿಗಳಿಗೆ ನಮ್ಮ ಮನೆಯವರಿಗೆ ಮಾಡುವ ಹಾಗೆ ಮಾಡಿದಳು. ಹೇಮಾ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು, ನನ್ನ ಕಡೆ ಬರಲಿಲ್ಲ.

ಜೂನ್ ೨೪, ಮಂಗಳವಾರ

ಫೋನ್ ಮಾಡಿದೆ. ಹೇಮಾ ಓದುತ್ತಿದ್ದಾಳೆ ಎಂದರು ಅತ್ತೆ. ಶಾಲೆ ಶುರುವಾಗಿ ಇನ್ನೂ ತಿಂಗಳಾಗಿಲ್ಲ, ಅದೇನು ಓದೋ.

ಜೂನ್ ೨೭, ಶುಕ್ರವಾರ

ಮಹಾಂತೇಶ ಮನೆಗೆ ಬಂದಿದ್ದ. ಕರಟವನ್ನು ಎತ್ತಿ ಮೂಸಿ ನೋಡಿದ. ಒಳಗೆ ಕೊಬ್ಬರಿಯ ಚೂರು ಅಂಟಿತ್ತು, ಅದು ಕೊಳೆತು ಎಣ್ಣೆ ಬಿಟ್ಟಿತ್ತು. ಮೀನು ಸತ್ತದ್ದಕ್ಕೆ ಹಸೀ ನೀರಿಗೆ ಬಿಟ್ಟದ್ದೊಂದು ಕಾರಣ, ಇದೊಂದು. 'ಯಾವನಾದ್ರೂ ಅಕ್ವೇರಿಯಮ್ಮಿಗೆ ಕೊಬ್ರಿ ಹಾಕ್ತಾನೇನ್ಲಾ? ಅರಸೀಕೆರೆಯವ್ನೇ ಹಾಕ್ಬೇಕು' ಎಂದು ನಕ್ಕ. ನನಗೆ ನಗು ಬರಲಿಲ್ಲ. ತೊಟ್ಟಿಯನ್ನು ಹಿತ್ತಿಲಿಗೆ ಎಸೆಯುತ್ತೇನೆ ಎಂದೆ.

ಅವನು ಮೇಲೆ ನೋಡಿದ. ನಮ್ಮ ಮನೆಯ ಅಟ್ಟದ ತುಂಬ ತೋಟದ ಕಾಯಿ ಹಾಕಿದೆ. ಕೊಬ್ಬರಿ ಆಗುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ, ನಮ್ಮ ಅಪ್ಪನ ಕಾಲದಿಂದಲೂ ಹಾಗೇ.

'ಆ ಕಾಯಿ ಎಷ್ಟು ದಿನ ಇಡ್ತೀಯ?'

'ವರ್ಷ ಹತ್ರ ಹತ್ರ ಆಗ್ತೈತೆ. ಒಳಗಿನ ನೀರು ಇಂಗಿ, ಕೊಬ್ರಿ ಉಂಡೆಯಾಗಿ ಚಿಪ್ಪು ಬಿಡ್ಬೇಕಲ್ಲ.'

'ನಡುವೆ ಒಡೆದು ನೋಡಿದ್ರೆ?'

'ಆ ಕಡೆ ಕಾಯೂ ಅಲ್ಲ, ಈ ಕಡೆ ಕೊಬ್ರೀನೂ ಅಲ್ಲ.'

'ಕಾಯಿಗೆ ವರ್ಷ ಕೊಡ್ತೀಯ. ನೀರಿಗೆ ಒಂದ್ ತಿಂಗಳು ಕೊಡಕ್ಕಾಗಲ್ವೇನ್ಲಾ?'

ನಾನೂ ಮೇಲೆ ನೋಡಿದೆ. ಅವನು ಹೋಗುವಾಗ ನೀರು ಪರೀಕ್ಷೆ ಮಾಡುವ ಪುಟ್ಟ ಸೀಸೆಗಳನ್ನು ಕೊಟ್ಟು ಹೋದ. ಗಾಜಿನ ಕೊಳವೆಯಲ್ಲಿ ನೀರು ತೆಗೆದು ಹನಿ ಹಾಕಬೇಕು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಎರಡನೇ ವಿಷ ಇದ್ದರೆ ನೇರಳೆ, ಇಲ್ಲದಿದ್ದರೆ ತಿಳಿನೀಲಿ. ಹಳದಿ, ನೀಲಿ ಎರಡೂ ಬಂದ ದಿನ ಬಾ ಎಂದ. ಸ್ಪಂಜು ಎಷ್ಟೇ ಕೊಳೆಯಾದರೂ ನಲ್ಲಿಯಲ್ಲಿ ತೊಳೆಯಬೇಡ, ಆ ಕೊಳೆಯಲ್ಲೇ ಜೀವ ಇರುವುದು ಎಂದು ಎರಡು ಸಲ ಹೇಳಿದ.

ಇವತ್ತು ಕಡು ಹಸಿರು.

ಜುಲೈ ೫, ಶನಿವಾರ

ಹಸಿರು. ದಿನಾ ಸಂಜೆ ಒಂದು ಚಿಟಿಕೆ ಆಹಾರ ಹಾಕುತ್ತಿದ್ದೇನೆ. ಅವ್ವ ನೋಡಿ, 'ಇಲ್ದೋರಿಗೆ ಎಡೆ ಇಟ್ಟಂಗೈತೆ' ಎಂದಳು. ಗಂಡಸಿ ಊರಿನ ರೈತನೊಬ್ಬ ತಂದ ಮಾಲಿನಲ್ಲಿ ಅರ್ಧ ಹಸಿ ಕೊಬ್ಬರಿ. ಹಣದ ಅವಸರಕ್ಕೆ ಮೊದಲೇ ಒಡೆದಿದ್ದಾನೆ. ಬೈಯಬೇಕು ಎಂದುಕೊಂಡಿದ್ದೆ, ಆ ಮನುಷ್ಯನ ಮಗಳ ಮದುವೆಯಂತೆ. ಪೂರ್ತಿ ಕೇಳಿ ಕಳಿಸಿದೆ.

ಜುಲೈ ೧೩, ಭಾನುವಾರ

ಹೇಮಾ ಅರಸೀಕೆರೆಗೆ ಬರುವುದಿಲ್ಲ ಎಂದಳು. ಬಲವಂತ ಮಾಡಲಿಲ್ಲ. ಹಳೇಬೀಡಿನಿಂದ ಆಟೋದಲ್ಲಿ ಹುಲಿಕೆರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಮೆಟ್ಟಿಲು ಕೊಳದ ನೀರು ಪಾಚಿಕಟ್ಟಿ ಹಸಿರಾಗಿತ್ತು. ಕೊನೆಯ ಮೆಟ್ಟಿಲಲ್ಲಿ ಕೂತು ಅವಳು ಕಡಲೆಕಾಯಿ ಬಿಡಿಸಿದಳು. ಸಣ್ಣ ಮೀನುಗಳು ಅವಳ ನೆರಳಿಗೆ ಬಂದು ಸೇರಿಕೊಂಡವು.

'ನಿನ್ ಟ್ಯಾಂಕಿಗೆ ಮತ್ತೆ ಮೀನು ತಂದ್ಯಾ?'

'ಇಲ್ಲ.'

'ಯಾಕೆ?'

'ನೀರು ಇನ್ನೂ ಆಗಿಲ್ಲ ಮಗಳೆ.'

ಅವಳು ತಿರುಗಿ ನನ್ನ ಮುಖ ನೋಡಿದಳು, ಯಾರನ್ನೋ ನೋಡುವ ಹಾಗೆ. ಆಮೇಲೆ ತಾನೇ ಮಾತಿಗೆ ಶುರು ಮಾಡಿದಳು. ಶಾಲೆಯಲ್ಲಿ ಒಬ್ಬಳು ರಬ್ಬರು ಕದ್ದದ್ದು, ತಾತ ಗೊರಕೆ ಹೊಡೆಯುವುದು, ಇಂಥದೇ. ಒಂದು ಕಥೆಯ ಒಳಗೆ ಇನ್ನೊಂದು ಕಥೆ, ಬಸ್ಸು ಬರುವವರೆಗೂ ಮುಗಿಯಲಿಲ್ಲ. ನಡುವೆ, ಅಮ್ಮ ಈಗ ಅಡಿಗೆ ಮಾಡುವಾಗ ಹಾಡು ಹೇಳುತ್ತಾಳೆ ಎಂದಳು. ನಮ್ಮ ಮನೆಯಲ್ಲಿ ಸ್ವಾತಿ ಹಾಡಿದ್ದನ್ನು ನಾನು ಕೇಳಿಲ್ಲ. ಅವಳಿಗೆ ಹಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಜಾವಗಲ್ ದಾಟುವವರೆಗೆ ಅದೇ ಯೋಚನೆಯಾಯಿತು.

ಜುಲೈ ೧೬, ಬುಧವಾರ

ಗಾಜಿಗೂ ಎಲೆಗಳಿಗೂ ಹುಲಿಕೆರೆಯ ಹಾಗೆ ಪಾಚಿ ಹಿಡಿದಿದೆ. ದೀಪ ಹಗಲೂ ರಾತ್ರಿ ಉರಿಸಿದ್ದೇ ಕಾರಣ. ಗಿಡಕ್ಕೂ ಕತ್ತಲೆ ಬೇಕಂತೆ. ಮಹಾಂತೇಶ ಗೋಡೆಯ ಸ್ವಿಚ್ಚಿಗೆ ಸಿಕ್ಕಿಸುವ ಟೈಮರು ಕೊಟ್ಟ. ಮಧ್ಯಾಹ್ನ ಮೂರಕ್ಕೆ ತಾನಾಗಿ ಹತ್ತುತ್ತದೆ, ಒಂಬತ್ತಕ್ಕೆ ತಾನಾಗಿ ಆರುತ್ತದೆ. ನಾನೇ ಕೈಯಾರೆ ಆರಿಸುವುದು ನನ್ನಿಂದ ಆಗುತ್ತಿರಲಿಲ್ಲ. ಇವತ್ತು ಆರಿದಾಗ ನಡುಮನೆಯಲ್ಲೇ ಇದ್ದೆ. ಸ್ವಾತಿಯ ಮೂಲೆ ಮತ್ತೆ ಕತ್ತಲಾಯಿತು. ಎದ್ದು ಇನ್ನೊಂದು ದೀಪ ಹಾಕಲು ಹೋಗಿ, ಹಾಕದೆ ಬಂದೆ.

ಜುಲೈ ೨೬, ಶನಿವಾರ

ಹಳದಿ ಬಂತು. ಅವ್ವನನ್ನು ಕೂಗಿ ತೋರಿಸಿದೆ. ಅರಿಶಿನದ ನೀರು ಇದ್ದಂಗೈತೆ ಎಂದಳು. ಇನ್ನೊಂದು ಕೊಳವೆ ಮಾತ್ರ ಕಡು ನೇರಳೆ. ಮೊದಲನೇ ವಿಷ ಹೋಗಿ ಎರಡನೆಯದು ತುಂಬಿಕೊಂಡಿದೆ. ಹೀಗೇ ಆಗಬೇಕಂತೆ. ಕರಗಿಹೋಗಿದ್ದ ಗಿಡಗಳ ಬುಡದಲ್ಲಿ ಉಗುರಿನಷ್ಟು ಎಲೆ ಬಂದಿದೆ.

ಆಗಸ್ಟ್ ೪, ಸೋಮವಾರ

ಸ್ವಾತಿಯ ಫೋನ್ ಬಂತು. ಅವಳಾಗಿಯೇ ಮಾಡಿದ್ದು ಏಪ್ರಿಲ್ಲಿನಿಂದ ಇದೇ ಮೊದಲು. ನಾನು ಆಗ ನೀರಿಗೆ ಹನಿ ಹಾಕಿ ಬಣ್ಣ ಏಳುವುದನ್ನು ಕಾಯುತ್ತಿದ್ದೆ. ಅವಳು ಹೇಳುತ್ತಾ ಹೋದಳು, ನಾನು ಕೊಳವೆಯನ್ನು ಬೆಳಕಿಗೆ ಹಿಡಿದುಕೊಂಡು ಕೇಳಿದೆ. ವಕೀಲರ ಹತ್ತಿರ ಮಾತಾಡಿದ್ದಾಳೆ. ಜಗಳ ಬೇಡ, ಇಬ್ಬರೂ ಒಪ್ಪಿ ಬೇರೆಯಾಗೋಣ ಎಂದಳು. ಹೇಮಾಗೆ ಅಪ್ಪ ಬೇಕು, ಅದಕ್ಕೆ ತಾನು ಅಡ್ಡ ಬರುವುದಿಲ್ಲ ಎಂದಳು. ಇನ್ನೂ ಏನೇನೋ ಹೇಳಿದಳು. ನಡುವೆ ತಾನೇ ನಿಂತು, 'ಲೈನಲ್ಲಿ ಇದ್ದೀರಾ?' ಎಂದು ಕೇಳಿದಳು.

'ಇದ್ದೀನಿ, ಹೇಳು' ಎಂದೆ.

ಅವಳು ಹೇಳುತ್ತಿದ್ದದ್ದನ್ನು ಅಲ್ಲಿಗೇ ಬಿಟ್ಟಳು. ಆಮೇಲೆ, ಇನ್ನೊಂದು ಸಲ ಮಾಡುತ್ತೇನೆ ಎಂದು ಇಟ್ಟಳು.

ಇದೆಲ್ಲ ಕೋಪದ ಮಾತು. ಅಟ್ಟದ ಕಾಯಿಯ ಹಾಗೆ ಇನ್ನೂ ಒಳಗೆ ನೀರಿದೆ, ಇಂಗುತ್ತದೆ. ಕೊಳವೆಯ ನೇರಳೆ ಮೊದಲಿಗಿಂತ ತೆಳುವಾಗಿದೆ.

ಆಗಸ್ಟ್ ೯, ಶನಿವಾರ

ಹಳದಿ. ತಿಳಿನೀಲಿ. ಮೂರು ಸಲ ಹಾಕಿ ನೋಡಿದೆ.

ಆಗಸ್ಟ್ ೧೦, ಭಾನುವಾರ

ಎರಡು ಕೊಳವೆಗಳನ್ನೂ ಮುಚ್ಚಳ ಹಾಕಿ ಜೇಬಿನಲ್ಲಿಟ್ಟುಕೊಂಡು ಹಳೇಬೀಡಿಗೆ ಹೋಗಿ ಹೇಮಾಗೆ ತೋರಿಸಿದೆ. ಏನೂ ಕೇಳದೆ ಅರಸೀಕೆರೆ ಬಸ್ಸು ಹತ್ತಿದಳು. ಮಹಾಂತೇಶನ ಅಂಗಡಿಯಲ್ಲಿ ತಾನೇ ಬಗ್ಗಿ ಬಗ್ಗಿ ನೋಡಿ ಆರಿಸಿದಳು. ಇನ್ನೂ ಒಂದೆರಡು ತಗೋ ಎಂದು ಮಹಾಂತೇಶ ಹೇಳಿದರೆ, ನಾನೂ ಅವಳೂ ಒಟ್ಟಿಗೇ ಬೇಡ ಎಂದೆವು. ಮೊದಲು ಇಷ್ಟು ಬದುಕಲಿ.

ಕವರನ್ನು ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ನೀರು ಸೇರಿಸಿ, ನಿಧಾನಕ್ಕೆ ಬಿಟ್ಟೆವು. ಹೊಸ ಎಲೆಗಳ ನಡುವೆ ನುಗ್ಗಿ ಹೋದವು. ಅವ್ವ ದೂರದಿಂದ ಇಣುಕಿ, 'ಸೀರೆ ಸೆರಗು ಇದ್ದಂಗಿದಾವೆ ಬಾಲ' ಎಂದಳು. ಸಂಜೆ ಹೇಮಾ ಹೊರಡಲು ಒಪ್ಪಲಿಲ್ಲ. ನಾನು ಸಂತೋಷವಾಗಿದ್ದೇನೆ ಎಂದು ಬರೆಯಲು ಹೆದರಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸಂತೋಷವಾಗಿದ್ದೇನೆ.

ಆಗಸ್ಟ್ ೨೨, ಶುಕ್ರವಾರ

ಭಾನುವಾರ ಹೇಮಾಳನ್ನು ಕರೆದುಕೊಂಡು ತಾನೇ ಅರಸೀಕೆರೆಗೆ ಬರುವುದಾಗಿ ಸ್ವಾತಿ ಮೆಸೇಜು ಹಾಕಿದ್ದಾಳೆ. ಬುಧವಾರ ಗಣೇಶನ ಹಬ್ಬ. ಅವ್ವ ಕರ್ಜಿಕಾಯಿಗೆ ಕೊಬ್ಬರಿ ತುರಿಯಲು ಕೂತಿದ್ದಾಳೆ. ನಾನು ಗಾಜು ಒರೆಸಿದೆ, ಹಳದಿಯಾದ ಎಲೆ ಕತ್ತರಿಸಿದೆ. ನಡುಮನೆ ಗುಡಿಸಿದೆ. ಅವ್ವನ ಕಣ್ಣಿಗೆ ಕಣ್ಣು ಕೊಡಲಿಲ್ಲ, ಅವಳೂ ಕೊಡಲಿಲ್ಲ.

ಆಗಸ್ಟ್ ೨೪, ಭಾನುವಾರ

ಬಂದಳು. ತನ್ನ ಸೀರೆಗಳನ್ನೂ ಬಿ.ಎಡ್. ಸರ್ಟಿಫಿಕೇಟುಗಳನ್ನೂ ತೆಗೆದುಕೊಂಡು ಹೋಗಲು ಬಂದಿದ್ದಳು.

ಪೆಟ್ಟಿಗೆ ಕಟ್ಟಿ ಆದ ಮೇಲೆ ನಡುಮನೆಯಲ್ಲಿ ತನ್ನ ಮೂಲೆಗೆ ಬಂದು ತೊಟ್ಟಿಯ ಮುಂದೆ ಕೂತಳು. ಹೇಮಾ ಅಜ್ಜಿಯ ಜೊತೆ ಹಿತ್ತಿಲಿನಲ್ಲಿದ್ದಳು. ದೀಪ ಹತ್ತಿತ್ತು. ಸ್ವಾತಿಯ ಮುಖದ ಮೇಲೆ ನೀರಿನ ಬೆಳಕು ಆಡುತ್ತಿತ್ತು. ಕಿವಿಯ ಹತ್ತಿರ ಎರಡು ಕೂದಲು ಬೆಳ್ಳಗಾಗಿದ್ದವು, ಯಾವಾಗ ಆದವೋ.

'ಎಷ್ಟು ದಿನ ಹಿಡೀತು ಇದಕ್ಕೆ?' ಎಂದಳು.

'ಎರಡು ತಿಂಗಳು.'

'ಕಾದ್ರಾ?'

'ಕಾದೆ.'

ಅವಳ ಬಾಯಿಯ ತುದಿಯಲ್ಲಿ ಒಂದು ನಗು ಬಂತು. ನನಗೆ ಅಷ್ಟು ಸಾಕಾಯಿತು. 'ಸ್ವಾತಿ, ಬಂದುಬಿಡು' ಎಂದೆ. ಬೇಲೂರಿಗೇ ಕೆಲಸಕ್ಕೆ ಹೋಗು, ನಾನೇ ದಿನಾ ಬಸ್ಸು ಹತ್ತಿಸುತ್ತೇನೆ ಎಂದು ಹೇಳಬೇಕೆಂದಿದ್ದೆ. ಅವಳು ಮಾತಾಡಲು ಬಾಯಿ ತೆರೆದದ್ದು ನೋಡಿ ನಿಲ್ಲಿಸಿದೆ. ಒಂದು ಗಪ್ಪಿ ಅವಳು ಗಾಜಿನ ಮೇಲೆ ಇಟ್ಟ ಬೆರಳಿನ ಹಿಂದೆಯೇ ಹೋಗುತ್ತಿತ್ತು.

'ಹತ್ತು ವರ್ಷ ಕಾದೆ ಕಣ್ರೀ' ಎಂದಳು. 'ಒಂದು ಮಾತು ಪೂರ್ತಿ ಹೇಳಿ ಮುಗಿಸೋಕೆ ಬಿಡ್ತೀರಾ ಅಂತ. ಈಗ ಬಿಡ್ತಿದ್ದೀರಿ, ಫೋನಲ್ಲೇ ಗೊತ್ತಾಯ್ತು ನಂಗೆ. ಆದ್ರೆ ಹೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ.'

ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಿತ್ತು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಪೆಟ್ಟಿಗೆಯನ್ನು ಬಸ್ಸಿನ ತನಕ ನಾನೇ ಹೊತ್ತೆ. ಅವ್ವ ಕರ್ಜಿಕಾಯಿಯ ಡಬ್ಬಿ ಕೊಟ್ಟಳು, ಸ್ವಾತಿ ಬಗ್ಗಿ ಕಾಲು ಮುಟ್ಟಿದಳು. ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ಹಬ್ಬ ಮುಗಿಸಿಕೊಂಡು ಬರುತ್ತಾಳೆ ಎಂದೇ ಅಂದುಕೊಂಡಿದ್ದಾಳೆ.

ಆಗಸ್ಟ್ ೨೮, ಗುರುವಾರ

ಮಂಡಿಗೆ ಹೋಗಲಿಲ್ಲ.

ಸೆಪ್ಟೆಂಬರ್ ೨, ಮಂಗಳವಾರ

ಹೋಗಲಿಲ್ಲ. ಮೀನಿಗೆ ಆಹಾರ ಹಾಕಿದೆ. ಅವು ನನ್ನ ನೆರಳು ಕಂಡರೆ ಮೇಲಕ್ಕೆ ಬರುತ್ತವೆ. ಇವತ್ತು ಎದ್ದದ್ದು ಅದಕ್ಕೆ ಮಾತ್ರ.

ಸೆಪ್ಟೆಂಬರ್ ೧೪, ಭಾನುವಾರ

ಹೇಮಾ ಹೇಳಿದ ಮೇಲೆಯೇ ನನಗೆ ತಿಳಿದದ್ದು. ದಸರಾ ಹೊತ್ತಿಗೆ ಸ್ವಾತಿ ಅರೇಹಳ್ಳಿಯ ಒಂದು ವಸತಿ ಶಾಲೆಗೆ ಸೇರುತ್ತಾಳೆ. ಅಲ್ಲೇ ಇರಲು ಮನೆ ಕೊಡುತ್ತಾರೆ, ಹೇಮಾ ಓದುವುದೂ ಅಲ್ಲೇ. ಹಳೇಬೀಡಿನ ಭಾನುವಾರಗಳು ಇನ್ನು ಮುಗಿದವು. ತಿಂಗಳಿಗೊಂದು ಸಲ ನಾನೇ ಹೋಗಿ ನೋಡಬಹುದು, ಬೇಸಿಗೆ ರಜದಲ್ಲಿ ಹೇಮಾ ಬರುತ್ತಾಳೆ. ಸಂಜೆ ಸ್ವಾತಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲವನ್ನೂ ವಿವರವಾಗಿ ಹೇಳಿದಳು. ಆಯಿತು ಎಂದೆ. ವಕೀಲರು ಕರೆದ ದಿನ ಬರುತ್ತೇನೆ ಎಂದೂ ಹೇಳಿದೆ.

ಹೇಮಾಗೆ ಬೇರೆಯೇ ಚಿಂತೆ. ಅಮ್ಮ ಒಂದು ಸಣ್ಣ ಟ್ಯಾಂಕು ಕೊಡಿಸುತ್ತಾಳಂತೆ. 'ಆದ್ರೆ ಮತ್ತೆ ಅಷ್ಟೊಂದು ದಿನ ಕಾಯ್ಬೇಕಲ್ಲ ಅಪ್ಪ. ಅಲ್ಲಿ ನಂಗೆ ಯಾರೂ ಫ್ರೆಂಡ್ಸ್ ಇಲ್ಲ.' ನಾನು ನೋಡುತ್ತೇನೆ ಇರು ಎಂದೆ.

ಅಕ್ಟೋಬರ್ ೧೧, ಶನಿವಾರ

ಮಹಾಂತೇಶನನ್ನು ಕೇಳಿದೆ, ಕಾಯದೆ ಇರಲು ದಾರಿ ಉಂಟೇ ಎಂದು. ನನ್ನ ಬಾಯಲ್ಲಿ ಮತ್ತೆ ಅದೇ ಪ್ರಶ್ನೆ ಎಂದು ಅವನಿಗೆ ನಗು. ಒಂದೇ ದಾರಿಯಂತೆ. ಹಳೆಯ ತೊಟ್ಟಿಯ ಸ್ಪಂಜನ್ನು ಒಣಗಲು ಬಿಡದೆ ಒಯ್ದು ಹೊಸ ತೊಟ್ಟಿಗೆ ಹಾಕಿದರೆ, ಒಳಗಿನ ಜೀವವೆಲ್ಲ ಅದರ ಜೊತೆಗೇ ಹೋಗುತ್ತದೆ. ಅವತ್ತೇ ಮೀನು ಬಿಡಬಹುದು.

'ಅರ್ಧ ಕತ್ತರಿಸಿ ಕೊಡು, ಸಾಕು. ಪೂರ್ತಿ ಕೊಟ್ರೆ ನಿನ್ ಟ್ಯಾಂಕು ಮೊದಲ್ನಿಂದ ಶುರು ಮಾಡ್ಬೇಕಾಗ್ತೈತೆ' ಎಂದ.

ಮನೆಗೆ ಬಂದು ಕತ್ತರಿ ಹಿಡಿದು ಕೂತೆ. ಅರ್ಧದ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅವಳ ಕಣ್ಣೆದುರು ಇನ್ನೊಂದು ಮೀನು ಸಾಯಕೂಡದು. ನಾಳೆ ಪೂರ್ತಿ ಒಯ್ಯುತ್ತೇನೆ, ಮೀನುಗಳನ್ನೂ.

ಅಕ್ಟೋಬರ್ ೧೨, ಭಾನುವಾರ

ಬೆಳಿಗ್ಗೆ ತೊಟ್ಟಿಯ ನೀರನ್ನೇ ಸ್ಟೀಲಿನ ಮುಚ್ಚಳದ ಡಬ್ಬಿಗೆ ತುಂಬಿ ಸ್ಪಂಜನ್ನು ಅದರಲ್ಲಿ ಮುಳುಗಿಸಿದೆ. ಮೀನುಗಳು ಕವರಿನಲ್ಲಿ. 'ಅವುನ್ನ ಹುಷಾರಾಗಿ ತಗೊಂಡೋಗಪ್ಪ' ಎಂದು ಅವ್ವ ಬಾಗಿಲ ತನಕ ಬಂದಳು. ಬಸ್ಸು ಕುಲುಕಿದಾಗಲೆಲ್ಲ ಡಬ್ಬಿಯನ್ನು ತೊಡೆಗೆ ಒತ್ತಿ ಹಿಡಿದೆ. ಹಳೇಬೀಡಿನಲ್ಲಿ ಎಂದಿನ ಹಾಗೆ ಇಳಿಯಲು ಎದ್ದು ಮತ್ತೆ ಕೂತೆ. ಬೇಲೂರಿನಲ್ಲಿ ಬಸ್ಸು ಬದಲಾಯಿಸಿ ಅರೇಹಳ್ಳಿಗೆ ಹೋದೆ.

ಶಾಲೆಯ ಹಿಂದೆ ಎರಡು ಕೋಣೆಯ ಮನೆ. ಕಿಟಕಿಯ ಹತ್ತಿರ ಪುಟ್ಟ ತೊಟ್ಟಿಗೆ ನೀರು ತುಂಬಿಸಿ, ಎರಡು ಗಿಡ ನೆಟ್ಟು ಹೇಮಾ ಕಾಯುತ್ತಿದ್ದಳು. ಸ್ವಾತಿ ಡಬ್ಬಿಯ ಮುಚ್ಚಳ ತೆಗೆದು, ಕಂದು ಬಣ್ಣಕ್ಕೆ ತಿರುಗಿದ ಸ್ಪಂಜನ್ನು ನೋಡಿ, ಎತ್ತಿಕೊಂಡು ನಲ್ಲಿಯ ಕಡೆ ಹೊರಟಳು. 'ತುಂಬಾ ಕೊಳೆಯಾಗಿದೆ, ತೊಳೆದು ಹಾಕ್ತೀನಿ' ಎಂದಳು.

'ಬೇಡ ಸ್ವಾತಿ. ಇರೋದೆಲ್ಲ ಅದರಲ್ಲೇ ಇದೆ' ಎಂದೆ.

ಅವಳು ಅಲ್ಲೇ ನಿಂತಳು. ನನ್ನ ಕಡೆ ನೋಡಿದಳು. ಆಮೇಲೆ ನೀರು ಸೋರುತ್ತಿದ್ದ ಸ್ಪಂಜನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹೇಮಾಗೆ ಕೊಟ್ಟಳು. ಹೇಮಾ ಅದನ್ನು ಫಿಲ್ಟರಿಗೆ ಸಿಕ್ಕಿಸಿದಳು. ಮೀನುಗಳನ್ನು ಬಿಡುವ ಕೆಲಸದಲ್ಲಿ ನಾನು ಕೈ ಹಾಕಲಿಲ್ಲ. ಎಲ್ಲ ಅವಳೇ ಮಾಡಿದಳು, ನಿಧಾನವಾಗಿ, ಸ್ವಲ್ಪ ಸ್ವಲ್ಪ ನೀರು ಸೇರಿಸಿ. ಬಸ್ಸಿನ ಹೊತ್ತಾದಾಗ, 'ಇನ್ನೊಂಚೂರು ಇರಪ್ಪ, ಅವು ಹೊಂದ್ಕೊಳ್ಳಲಿ' ಎಂದಳು. ಆ ಬಸ್ಸು ಬಿಟ್ಟೆ. ಮುಂದಿನ ಬಸ್ಸಿನವರೆಗೆ ಮೂವರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದೆವು. ಸ್ವಾತಿ ಟೀ ತಂದಳು. ಮೀನುಗಳು ಹೊಸ ಗಾಜನ್ನು ಮೂಸಿ ಮೂಸಿ ನೋಡುತ್ತಿದ್ದವು, ಒಂದೂ ಮೇಲಕ್ಕೆ ಬಂದು ಬಾಯಿ ತೆರೆಯಲಿಲ್ಲ.

ಅಕ್ಟೋಬರ್ ೧೩, ಸೋಮವಾರ

ಫಿಲ್ಟರಿಗೆ ಹೊಸ ಸ್ಪಂಜು ಹಾಕಿದೆ. ಹತ್ತಿಯ ಹಾಗೆ ಬೆಳ್ಳಗಿದೆ.

ಹೇಮಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಫೋನ್ ಮಾಡಿದ್ದಳು. ಎಲ್ಲವೂ ಚೆನ್ನಾಗಿವೆಯಂತೆ. ಮಂಡಿಗೆ ಹೋಗಿ ಬಂದೆ. ಮನೆಗೆ ಬರುವ ಹೊತ್ತಿಗೆ ತೊಟ್ಟಿಯ ದೀಪ ಹತ್ತಿತ್ತು. ಗಿಡಗಳು ನೀರಿನ ಮೇಲ್ಮಟ್ಟ ಮುಟ್ಟಿವೆ. ಅಭ್ಯಾಸಬಲ, ಹತ್ತಿರ ಹೋಗಿ ನಿಂತೆ. ಯಾವುದೂ ಮೇಲಕ್ಕೆ ಬರಲಿಲ್ಲ. ಡಬ್ಬಿ ತೆಗೆದು ಒಂದು ಚಿಟಿಕೆ ಆಹಾರ ಹಾಕಿದೆ.

ಅವ್ವ ಟಿವಿ ಬಿಟ್ಟು ಎದ್ದು ಬಂದಿದ್ದಳು. 'ಮೀನೇ ಇಲ್ವಲ್ಲೋ ಮಗಾ, ಯಾರಿಗ್ ಹಾಕ್ತಿದ್ದೀಯ?' ಎಂದಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

'ಬೇಸಿಗೆ ರಜಕ್ಕೆ ಹೇಮಾ ಬತ್ತಾಳವ್ವ. ಅಷ್ಟೊತ್ತಿಗೆ ನೀರು ಆಗ್ಬೇಕು.'

'ಸ್ವಾತಿ?'

ಆಹಾರದ ಚೂರುಗಳು ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿ, ನೆನೆದು, ಒಂದೊಂದಾಗಿ ಕೆಳಗೆ ಇಳಿದವು. ಇಬ್ಬರೂ ನೋಡುತ್ತಾ ನಿಂತೆವು. ಕೊನೆಯ ಚೂರೂ ಮಣ್ಣಿನ ಮೇಲೆ ಕೂತ ಮೇಲೆ ಡಬ್ಬಿಯ ಮುಚ್ಚಳ ಹಾಕಿದೆ.

'ಇಲ್ಲ ಅವ್ವ, ಅವಳು ಬರಲ್ಲ' ಎಂದೆ.